ಫೌಜಿನ ಆಚಾರ್ಯ

ಸವಣೂರಿನ ಶ್ಯಾಮಾಚಾರ್ಯರ ಮಗ ವಿಠ್ಠಲ ಮಿಲಿಟರಿ ಸೇರಿದನೆಂದಾಗ ಓಣಿಯವರು ನಕ್ಕಿದ್ದರು. ಧೋತರ ಉಟ್ಟು ಮಂತ್ರ ಹೇಳುವವನ ಕೈಯಲ್ಲಿ ಬಂದೂಕು ಯಾರು ಕೊಟ್ಟರೋ ಎಂದು. ಬಂದೂಕಲ್ಲ, ಪಲ್ಟನ್ನಿನ ಧರ್ಮಗುರುವಿನ ಹುದ್ದೆ ಎಂದು ತಿಳಿದ ಮೇಲೆ ನಗು ನಿಂತಿತು. ಶ್ಯಾಮಾಚಾರ್ಯರ ಮುಖ ಮಾತ್ರ ಬಿಗಿದುಕೊಂಡೇ ಇತ್ತು.

"ಅಲ್ಲಿ ಮಡಿ ಇಲ್ಲ, ಮೈಲಿಗಿ ಇಲ್ಲ. ಅದೆಂಥಾ ಪೂಜಿ ಮಾಡ್ತೀಯೋ?" ಎಂದಿದ್ದರು.

ವಿಠ್ಠಲನಿಗೆ ಬೇರೆ ದಾರಿ ಇರಲಿಲ್ಲ. ಸಂಸ್ಕೃತ ಓದಿ ಹಾನಗಲ್ಲಿನ ಕಾಲೇಜೊಂದರಲ್ಲಿ ವರ್ಷವರ್ಷವೂ ಅತಿಥಿ ಉಪನ್ಯಾಸಕನಾಗಿ ಪಾಠ ಹೇಳಿ ಅವನಿಗೆ ಸಾಕಾಗಿತ್ತು. ಪುಣೆಯ ತರಬೇತಿಯಲ್ಲಿ ಬೆಳಿಗ್ಗೆ ಬೂಟು ಹಾಕಿಕೊಂಡು ಓಟ, ಹಗ್ಗ ಹತ್ತುವುದು. ಮಧ್ಯಾಹ್ನ ಮೌಲವಿ, ಸಿಖ್ಖರ ಗ್ರಂಥಿ, ಪಾದ್ರಿಗಳ ಜೊತೆ ಒಂದೇ ಬೆಂಚಿನ ಮೇಲೆ ಕೂತು ಒಬ್ಬರ ಪ್ರಾರ್ಥನೆ ಇನ್ನೊಬ್ಬರು ಕಲಿಯುವುದು. ಗಡಿಯಲ್ಲಿ ಕೆಲವು ಕಡೆ ಒಬ್ಬನೇ ಧರ್ಮಗುರು ಇರುತ್ತಾನೆ, ಆಗ ಎಲ್ಲರಿಗೂ ಅವನೇ ಎಂದು ತರಬೇತಿ ಕೊಡುವ ಉಸ್ತಾದರು ಹೇಳುತ್ತಿದ್ದರು. ವಿಠ್ಠಲ ಎಲ್ಲವನ್ನೂ ಬಾಯಿಪಾಠ ಮಾಡಿದ. ಊರಲ್ಲಿ ಆ ವಿಷಯ ಎತ್ತಲಿಲ್ಲ.

ಮೊದಲ ಪೋಸ್ಟಿಂಗು ಉತ್ತರದ ಹಿಮದ ಸೀಮೆಗೆ. ತಗಡಿನ ಒಂದೇ ಮಾಡಿನ ಕೆಳಗೆ ಗುಡಿ, ಮಸೀದಿ, ಗುರುದ್ವಾರ ಎಲ್ಲವೂ. ಮೊದಲ ಚಳಿಗಾಲ ವಿಠ್ಠಲ ತನ್ನ ಅನ್ನ ತಾನೇ ಬೇಯಿಸಿಕೊಂಡ. ಸ್ಟೋ ಮೇಲೆ ಅನ್ನ ಬೇಯುವಷ್ಟರಲ್ಲಿ ಬೆರಳು ಮರಗಟ್ಟುತ್ತಿದ್ದವು. ಎರಡನೆಯ ಚಳಿಗಾಲಕ್ಕೆ ತಟ್ಟೆ ಹಿಡಿದು ಪಲ್ಟನ್ನಿನ ಅಡುಗೆಮನೆ ಲಂಗರದ ಸಾಲಿನಲ್ಲಿ ನಿಂತ. ಬಡಿಸುವವನು ಯಾರೆಂದು ಅವನೂ ಕೇಳಲಿಲ್ಲ, ತಿನ್ನುವವನು ಯಾರೆಂದು ಬಡಿಸುವವನೂ ಕೇಳಲಿಲ್ಲ.

ಆ ಪಲ್ಟನ್ನಿನಲ್ಲಿ ಕನ್ನಡ ಬರುವವನು ಇನ್ನೊಬ್ಬನೇ ಒಬ್ಬ, ಲಾರಿ ಡ್ರೈವರ್ ಜಾವೇದ. ಅವನೂ ಸವಣೂರಿನವನೇ, ಕೆರೆ ಹಿಂದಿನ ಓಣಿಯವನು. ಊರಲ್ಲಿದ್ದಾಗ ಇಬ್ಬರೂ ಮುಖಾಮುಖಿ ಮಾತಾಡಿದವರಲ್ಲ. ಇಲ್ಲಿ ರಜೆಯಿಂದ ಬಂದಾಗಲೆಲ್ಲ ಜಾವೇದ ಸವಣೂರಿನ ಕುರುಕಲು ಖಾರದ ಪೊಟ್ಟಣ ತಂದು, "ತಗೋರಿ ಗುರೂಜಿ, ಊರು ಬಂದೈತಿ" ಅನ್ನುತ್ತಿದ್ದ.

ಶಿವರಾತ್ರಿಯ ಹಿಂದಿನ ದಿನ ಮೇಲಿನ ಚೌಕಿಯಲ್ಲಿ ಪೂಜೆಗೆಂದು ಇಬ್ಬರೂ ಜಾವೇದನ ಲಾರಿಯಲ್ಲಿ ಹೊರಟಿದ್ದರು. ತಿರುವಿನಲ್ಲಿ ಗುಡ್ಡ ಕುಸಿಯಿತು. ಬಂಡೆ ಬಡಿದ ಪೆಟ್ಟಿಗೆ ವಿಠ್ಠಲ ಬಾಗಿಲ ಸಮೇತ ಹೊರಗೆ ಬಿದ್ದ. ಎದ್ದು ನೋಡುತ್ತಾನೆ, ಜಾವೇದ ಸ್ಟೇರಿಂಗಿಗೂ ಸೀಟಿಗೂ ನಡುವೆ ಸಿಕ್ಕಿಕೊಂಡಿದ್ದಾನೆ. ಎಳೆದರೆ ಚೀರುತ್ತಾನೆ. ವೈರ್‌ಲೆಸ್ಸಿನಲ್ಲಿ ಕೆಳಗಿನ ಕ್ಯಾಂಪಿಗೆ ಸುದ್ದಿ ಮುಟ್ಟಿತು. ಆದರೆ ನಡುವಿನ ರಸ್ತೆಯ ಮೇಲೇ ಗುಡ್ಡ ಬಿದ್ದಿತ್ತು.

"ಮೌಲವಿ ಸಾಬರನ್ನ ಕರೀರಿ ಗುರೂಜಿ."

"ಕೆಳಗ ಕ್ಯಾಂಪಿನ್ಯಾಗ ಇದ್ದಾರ. ಬರ್ತಾರ. ನೀ ಮಾತಾಡ್ಕೋತ ಇರು."

"ಅವರು ಬರೂಮಟ ನಾ ಇರೂದಿಲ್ಲ. ನೀವ ಕಲ್ಮಾ ಓದ್ರಿ."

"ನಾನು?"

"ಪುಣೆದಾಗ ಕಲ್ತೇನಿ ಅಂದಿದ್ರಲ್ಲ."

ಮುಂಜಿವೆಯಾದ ದಿನದಿಂದ ಸಂಧ್ಯಾವಂದನೆ ತಪ್ಪಿಸದ ಬಾಯಿ ವಿಠ್ಠಲನದು. ಪರೀಕ್ಷೆಗೆಂದು ಹೇಳಿ ಒಪ್ಪಿಸಿದ್ದು ಬೇರೆ. ಇನ್ನೊಂದು ಅಂಜಿಕೆಯೂ ಇತ್ತು: ತಾನು ಓದಿದರೆ ಇವನ ಧರ್ಮಕ್ಕೆ ಅದು ಸಲ್ಲುತ್ತದೋ, ಅಪಚಾರವಾಗುತ್ತದೋ? ಹಿಡಿದುಕೊಂಡಿದ್ದ ಕೈ ತಣ್ಣಗಾಗುತ್ತಿತ್ತು. ಯೋಚನೆ ಮಾಡುತ್ತ ಕೂರುವ ಹೊತ್ತಾಗಿರಲಿಲ್ಲ. ಒಡೆದ ಗಾಜಿನೊಳಗೆ ತಲೆ ತೂರಿಸಿ, ಜಾವೇದನ ಕಿವಿಗೆ ಬಾಯಿ ಹಚ್ಚಿ ಕೊನೆಗಳಿಗೆಯಲ್ಲಿ ಕೇಳಿಸುವ ಕಲ್ಮಾದ ಒಂದೊಂದೇ ತುಣುಕು ಹೇಳಿದ. ಜಾವೇದನ ತುಟಿ ಹಿಂದೆಹಿಂದೆಯೇ ಆಡಿದವು. ಆಮೇಲೆ ಆಡಲಿಲ್ಲ.

ಇಬ್ಬರದೂ ಒಂದೇ ಊರೆಂದು ಶವಪೆಟ್ಟಿಗೆಯ ಜೊತೆಗೆ ವಿಠ್ಠಲನನ್ನೇ ಕಳಿಸಿದರು. ಧ್ವಜ ಹೊದಿಸಿದ ಪೆಟ್ಟಿಗೆ ಸವಣೂರಿಗೆ ಬಂದಾಗ ಕೆರೆ ಹಿಂದಿನ ಓಣಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಇಡೀ ಊರು ಬಂದಿತ್ತು. ಬೇವಿನ ಮರದ ಬುಡದಲ್ಲಿ ಹೆಗಲ ಮೇಲೆ ಶಲ್ಯ ಹೊದ್ದು ಶ್ಯಾಮಾಚಾರ್ಯರೂ ನಿಂತಿದ್ದರು.

ಜಾವೇದನ ತಾಯಿ ರಮಜಾನಬಿ ಅಳುತ್ತಿರಲಿಲ್ಲ. ನೆಟ್ಟಗೆ ವಿಠ್ಠಲನ ಮುಂದೆ ಬಂದು ನಿಂತಳು.

"ಸಾಹೇಬ್ರ, ನೀವು ಅವನ ಬಾಜೂಕ ಇದ್ರಂತ. ಕಡೀಕ ಅವಗ ಕಲ್ಮಾ ಯಾರು ಓದಿದ್ರು? ನಮ್ಮವರು ಯಾರರ ಇದ್ರೇನು?"

ಮೌಲವಿ ಸಾಬರು ಓದಿದರು ಎಂದುಬಿಟ್ಟರೆ ಮುಗಿಯಿತು. ಮುದುಕಿಗೂ ಸಮಾಧಾನ, ತನಗೂ ತೊಂದರೆಯಿಲ್ಲ. ವಿಠ್ಠಲ ಬೇವಿನ ಮರದ ಕಡೆ ನೋಡಿದ. ಅಪ್ಪ ಇವನನ್ನೇ ನೋಡುತ್ತಿದ್ದರು.

"ಯಾರೂ ಇರಲಿಲ್ಲರಿ ಅವ್ವಾ. ನಾನ ಓದಿದೆ."

ಗದ್ದಲ ಥಟ್ಟನೆ ನಿಂತಿತು. ಆಮೇಲೆ ಹಿಂದಿನಿಂದ ಒಬ್ಬ, "ಇವರು ಓದಿದ್ರ ಹ್ಯಾಂಗ ನಡೀತೈತಿ?" ಎಂದ. ಮತ್ತೊಂದು ಕಡೆಯಿಂದ, "ಆಚಾರ್ರ ಮಗ ಕಲ್ಮಾ ಓದ್ಯಾನಂತ, ಕೇಳ್ರಿ!" ಎಂಬ ದನಿ. ಮೊಬೈಲುಗಳು ಮೇಲೆದ್ದವು. ಹಿಂದಿನವರು ಮುಂದಿನವರನ್ನು ನೂಕತೊಡಗಿದರು. ಜೊತೆಗೆ ಬಂದಿದ್ದ ಜವಾನರು ಪೆಟ್ಟಿಗೆಯ ಸುತ್ತ ಒತ್ತಿಕೊಂಡು ನಿಂತರು. ಒಂದು ಕಲ್ಲು ಬಿದ್ದಿದ್ದರೂ ಸಾಕಿತ್ತು.

ರಮಜಾನಬಿ ಕೈ ಎತ್ತಿದಳು.

"ಹ್ಯಾಂಗ ಓದಿದ್ರಿ? ಈಗ ಓದ್ರಿ. ನಾ ಕೇಳ್ತೇನಿ."

ವಿಠ್ಠಲ ಟೋಪಿ ಸರಿಮಾಡಿಕೊಂಡ. ಅವತ್ತು ಹೇಳಿದ ಹಾಗೆಯೇ, ಮಗುವಿಗೆ ಹೇಳಿಕೊಡುವಂತೆ ನಿಲ್ಲಿಸಿ ನಿಲ್ಲಿಸಿ ಓದಿದ. ಮಸೀದಿಯ ಮೌಲಾನಾ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡರು.

"ಸರಿ ಐತಿ," ಎಂದರು. "ಎಲ್ಲೂ ತಪ್ಪಿಲ್ಲ."

"ಹಂಗಾರ ಸಾಕ್ರಿ," ಎಂದ ರಮಜಾನಬಿ ಪೆಟ್ಟಿಗೆಯ ಪಕ್ಕ ಕುಸಿದು ಕೂತು ಅಳತೊಡಗಿದಳು. ನೂಕುತ್ತಿದ್ದವರು ಅಲ್ಲಲ್ಲಿಯೇ ನಿಂತರು. ವಿಠ್ಠಲ ತಲೆ ಎತ್ತಿದಾಗ ಬೇವಿನ ಮರದ ಬುಡದಲ್ಲಿ ಅಪ್ಪ ಇರಲಿಲ್ಲ.

ದಫನ್ ಮುಗಿಸಿ ಮನೆಗೆ ಹೋದರೆ ತಾಯಿ ಇಂದಿರಾಬಾಯಿ ಹಿತ್ತಲಲ್ಲಿ ಬಿಸಿನೀರು ತೋಡಿಟ್ಟಿದ್ದಳು. ಸ್ನಾನ ಮಾಡಿ ಬಂದವನನ್ನು ಶ್ಯಾಮಾಚಾರ್ಯರು ಪಡಸಾಲೆಯಲ್ಲೇ ತಡೆದರು.

"ದೇವರ ಮನಿಗೆ ಬರಬ್ಯಾಡ."

"ಆತು ಅಪ್ಪಾ."

"ನಿನ್ನ ಬಾಯಿಗೆ ಅದು ಹ್ಯಾಂಗ ಬಂತೋ?"

"ಅವ ಬೇಡಿದ. ಅಲ್ಲೆ ಬ್ಯಾರೆ ಯಾರೂ ಇರಲಿಲ್ಲ."

ಇಂದಿರಾಬಾಯಿ ಅಡುಗೆಮನೆಯ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದಳು.

"ಅವಗ ಕೇಳಸ್ತೇನು?" ಎಂದರು ಅಪ್ಪ ಕೊನೆಗೆ.

"ತುಟಿ ಆಡಸಿದ."

ಶ್ಯಾಮಾಚಾರ್ಯರು ಎದ್ದು ಒಳಗೆ ಹೋದರು.

ಮರುದಿನ ಓಣಿಯ ಹಿರಿಯರು ಬಂದರು. ವಿಡಿಯೋ ಹಾವೇರಿ ದಾಟಿ ಹೋಗಿತ್ತು. ಮಗನಿಗೆ ಪ್ರಾಯಶ್ಚಿತ್ತ ಮಾಡಿಸಬೇಕು, ಇಲ್ಲದಿದ್ದರೆ ಯಾರೂ ಈ ಮನೆಗೆ ಊಟಕ್ಕೆ ಬರುವುದಿಲ್ಲ ಎಂದರು. ಶ್ಯಾಮಾಚಾರ್ಯರು ಎಲ್ಲ ಕೇಳಿಕೊಂಡು, "ನಮ್ಮ ಮನಿ ಪೂಜಿ ನಾ ಮಾಡ್ತೇನಿ. ಅವನ ಕೆಲಸ ಅವ ಮಾಡ್ಯಾನ. ನೀವು ಬರದಿದ್ರ ಬಿಡ್ರಿ" ಎಂದರು. ಹಾಗೆಂದು ಮಗನನ್ನು ದೇವರ ಮನೆಗೂ ಬಿಡಲಿಲ್ಲ. ಅವನು ಇದ್ದಷ್ಟು ದಿನ ತೀರ್ಥವನ್ನು ಪಡಸಾಲೆಗೇ ತಂದು ಕೈಗೆ ಹಾಕಿದರು.

ವಿಠ್ಠಲ ಪಲ್ಟನ್ನಿಗೆ ಮರಳಿದ ಮೇಲೆ ಒಂದು ಸಂಜೆ ತಾಯಿಯ ಫೋನು ಬಂತು.

"ನಿಮ್ಮಪ್ಪ ಕೆರೀ ಹಿಂದಿನ ಓಣಿಗೆ ಹೋಗಿದ್ರು. ಜಾವೇದನ ಅವ್ವನ ಮನಿಗೆ. ಒಳಗ ಹೋಗ್ಲಿಲ್ಲಂತ, ಬಾಗಲದಾಗ ನಿಂತು ಮಾತಾಡಿಸಿ ಬಂದ್ರು."

"ಬಂದು ಏನಂದ್ರು?"

"ಏನನ್ನೂದು? ಸ್ನಾನ ಮಾಡಿದ್ರು," ಎಂದಳು ಇಂದಿರಾಬಾಯಿ. ಆಮೇಲೆ ದನಿ ತಗ್ಗಿಸಿ, "ಮತ್ತ ಹೋಗ್ತೇನಿ ಅಂದಾರ" ಎಂದಳು.