ತಾತನ ಐದು ಗೇಣು

ಲಕ್ಷ್ಮೀಪುರದ ನಮ್ಮ ಮನೆಯ ಹಜಾರದಲ್ಲಿ, ಬಾಗಿಲು ದಾಟಿದ ಕೂಡಲೇ ಕಣ್ಣಿಗೆ ಬೀಳುವಂತೆ, ಒಂದು ಕಡವೆಯ ತಲೆ ಇತ್ತು. ಬೇಟೆಗೆ ಪರವಾನಗಿ ಸಿಗುತ್ತಿದ್ದ ಕಾಲದಲ್ಲಿ ತಾತ ಹೊಡೆದದ್ದು. ಅದರ ಗಾಜಿನ ಕಣ್ಣುಗಳಲ್ಲಿ ಒಂದು ಯಾವಾಗಲೋ ಬಿದ್ದುಹೋಗಿ, ಆ ಜಾಗಕ್ಕೆ ಅಪ್ಪ ಕಪ್ಪು ಗೋಲಿ ಅಂಟಿಸಿದ್ದರು. ಬಂದವರ ದೃಷ್ಟಿ ಗೋಲಿಯ ಮೇಲೆ ನಿಲ್ಲುವ ಮೊದಲೇ ಕೊಂಬಿನ ಕಥೆ ಶುರುಮಾಡುತ್ತಿದ್ದರು. ಕೇಳಿ ಕೇಳಿ ನನಗೆ ಸಾಕುಸಾಕಾಗಿತ್ತು.

ಕಥೆ ಇಷ್ಟೇ. ಕೊಂಬು ಬುಡದಿಂದ ತುದಿಗೆ ಐದು ಗೇಣು. ತಾತ ತಮ್ಮ ಕೈಯಿಂದಲೇ ಅಳೆದು, ತಲೆ ಕೂರಿಸಿದ ಹಲಗೆಯ ಹಿಂದೆ ಶಾಯಿಯಲ್ಲಿ ಬರೆದಿಟ್ಟಿದ್ದರು: ಸ್ವಂತ ಕೈ, ಐದು ಗೇಣು. ತಾತ ಆರಡಿ ಮೀರಿದ ಆಳು. ಅಂಥವರ ಗೇಣು ಎಂದರೆ ಹತ್ತು ಇಂಚು. ಆದ್ದರಿಂದ ಕೊಂಬು ಐವತ್ತು ಇಂಚು. ತಾತನ ಎತ್ತರಕ್ಕೆ ಅಪ್ಪನೇ ಸಾಕ್ಷಿ. ಆದರೆ ತಾತ ತೀರಿಕೊಂಡಾಗ ಅಪ್ಪನಿಗೆ ಐದು ವರ್ಷ. ಮನೆಯಲ್ಲಿದ್ದದ್ದು ಒಂದೇ ಫೋಟೊ. ಅದರಲ್ಲಿ ತಾತ ಕುರ್ಚಿಯ ಮೇಲೆ ಕೂತಿದ್ದಾರೆ, ಕಾಲ ಬಳಿ ಕಡವೆ ಬಿದ್ದಿದೆ. ಕೂತವರ ಎತ್ತರ ಎಷ್ಟೆಂದು ಯಾರಿಗೆ ಗೊತ್ತಾಗುತ್ತದೆ?

ಅಪ್ಪ ನಿಜಕ್ಕೂ ಎತ್ತರದ ಆಳು. ನಾನು ಕುಳ್ಳ. ತೊಂಬತ್ತರ ದಶಕದಲ್ಲಿ ಡಿಗ್ರಿ ಮುಗಿಸಿ ಸಬ್ ಇನ್ಸ್‌ಪೆಕ್ಟರ್ ಕೆಲಸಕ್ಕೆ ಅರ್ಜಿ ಹಾಕಿದೆ. ಆರು ತಿಂಗಳು ದಿನಾ ಬೆಳಿಗ್ಗೆ ಕಂಬಿಗೆ ಜೋತುಬಿದ್ದೆ, ಅಷ್ಟಿಷ್ಟಾದರೂ ಉದ್ದವಾಗಲಿ ಎಂದು. ಎತ್ತರ ಅಳೆಯುವ ಕೋಲಿನ ಕೆಳಗೆ ನಿಂತಾಗ ಎರಡು ಬೆರಳು ಕಡಿಮೆ ಬಿತ್ತು. ಸಾಲಿನಿಂದ ಆಚೆ ಕಳಿಸಿದರು. ಮನೆಗೆ ಬಂದು ಹೇಳಿದೆ. ಅಪ್ಪ ನನ್ನನ್ನು ಬೈಯಲಿಲ್ಲ. ಅಡುಗೆಮನೆಯ ಕಡೆ ತಿರುಗಿ, "ಬೀಜ ನಮ್ದೇ, ನೆಲ ಹಿನಕಲ್ದು. ಇನ್ನೇನು ಬೆಳೆಯುತ್ತೆ?" ಅಂದರು.

ಹಿನಕಲ್ ಅಮ್ಮನ ತವರು. ಅಮ್ಮ ಗಿಡ್ಡಕ್ಕಿದ್ದಳು. ನಾನು ಹುಟ್ಟಿ ನಾಲ್ಕು ವರ್ಷವಾದರೂ ಕಿಟಕಿಯ ಕಟ್ಟೆ ಮುಟ್ಟಲಿಲ್ಲ ಎಂಬಲ್ಲಿಂದ ಶುರುವಾದ ಮಾತು ಅದು. ಮದುವೆ, ನಾಮಕರಣ, ತಿಥಿ ಎಲ್ಲಿಗೆ ಹೋದರೂ ನೆಂಟರು ನನ್ನನ್ನು ಅಪ್ಪನ ಪಕ್ಕ ನಿಲ್ಲಿಸಿ ನೋಡುವುದು, ಆಮೇಲೆ ಅಮ್ಮನ ಮುಖ ನೋಡುವುದು. ಅವಳು ನಗುತ್ತಿದ್ದಳು. ಪೊಲೀಸ್ ಕೆಲಸ ತಪ್ಪಿದ ದಿನ ಮಾತ್ರ ನಗಲಿಲ್ಲ. ತಟ್ಟೆಗೆ ಅನ್ನ ಬಡಿಸುತ್ತಾ, ಮೆಲ್ಲಗೆ, ನನ್ನಿಂದ ನಿನಗೆ ಹೀಗಾಯಿತಲ್ಲ ಎಂದಳು. ಕೆಲಸ ಹೋದದ್ದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಆ ಮಾತಿಗೆ. ಯಾರ ಮೇಲೆ ತೀರಿಸಿಕೊಳ್ಳುವುದು ಎಂದು ತಿಳಿಯದೆ ಅನ್ನ ಬಿಟ್ಟು ಎದ್ದೆ. ಪಾಪ, ಅವಳು ಅದನ್ನೂ ತನ್ನ ತಪ್ಪೆಂದುಕೊಂಡಳು.

ಪ್ರತಿ ವರ್ಷ ಆಯುಧಪೂಜೆಯ ದಿನ ಆ ತಲೆಯನ್ನು ಗೋಡೆಯಿಂದ ಇಳಿಸುತ್ತಿದ್ದೆವು. ಕೋವಿ ಎಂದೋ ಹೋಗಿತ್ತು. ಪೂಜೆಗೆ ಉಳಿದದ್ದು ಅಪ್ಪನ ಸ್ಕೂಟರು ಮತ್ತು ಈ ಕೊಂಬು. ಕೊಂಬಿಗೆ ಎಣ್ಣೆ ಸವರಿ, ಅರಿಶಿನ ಕುಂಕುಮ ಇಟ್ಟು, ಅಪ್ಪ ಗೇಣು ಹಾಕಿ ಅಳೆಯುತ್ತಿದ್ದರು. ಅಳೆಯುವ ಅಧಿಕಾರ ಮನೆಯ ಯಜಮಾನನಿಗೆ ಮಾತ್ರ. ಬೇರೆ ಯಾರೂ ಕೈ ಹಾಕುವಂತಿರಲಿಲ್ಲ. ಅವರ ಕೈಗೆ ಪ್ರತಿ ಸಲವೂ ನಾಲ್ಕು ಗೇಣು, ಮೇಲೆ ಒಂದೆರಡು ಬೆರಳು. ಒಣಗಿ ಕುಗ್ಗಿದೆ ಎಂದು ಎಲ್ಲರಿಗೂ ಹೇಳುತ್ತಿದ್ದರು. ಎಲ್ಲರೂ ತಲೆಯಾಡಿಸಿ ಒಬ್ಬಟ್ಟು ತಿನ್ನುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷಕ್ಕೆ, ಮನೆಯಲ್ಲಿ ಇಂಥ ಹಳೆಯ ಕೊಂಬು, ಚರ್ಮ ಇಟ್ಟುಕೊಂಡವರು ಅರ್ಜಿ ಕೊಟ್ಟು ಬರೆಸಿಕೊಳ್ಳಬೇಕು ಎಂದು ಪೇಪರಿನಲ್ಲಿ ಬಂತು. ಅರ್ಜಿಯಲ್ಲಿ ಅಳತೆಯ ಜಾಗಕ್ಕೆ ಅಪ್ಪ ಐವತ್ತು ಇಂಚು ಎಂದು ಬರೆದರು. ಮೊದಲು ಟೇಪು ಹಿಡಿಯೋಣ ಎಂದು ನಾನು ಹೇಳಿದೆ, ಬೇಡಿಕೊಂಡೆ, ಕೊನೆಗೆ ಕೂಗಾಡಿದೆ. "ತಾತಂಗಿಂತ ಟೇಪು ದೊಡ್ಡದೇನೋ?" ಎಂದು ಹೇಳಿ ಅಪ್ಪ ಸಹಿ ಹಾಕಿದರು.

ನೋಡಿಕೊಂಡು ಹೋಗಲು ಬಂದವರು ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಫಾರೆಸ್ಟರು. ಸ್ಟೂಲು ಹತ್ತಿ, ಕೊಂಬಿನ ಬಾಗಿನ ಜೊತೆಗೇ ಟೇಪು ಹಾಯಿಸಿ, ಮೂವತ್ತೇಳು ಎಂದರು. ಇನ್ನೊಂದೂ ಅಷ್ಟೇ. ಇಷ್ಟೊಂದು ವ್ಯತ್ಯಾಸ ಬಂದರೆ, ಅರ್ಜಿಯಲ್ಲಿರುವ ತಲೆಯೇ ಬೇರೆ ಇರಬೇಕೆಂದು ಆಫೀಸಿನಲ್ಲಿ ಕೇಳುತ್ತಾರೆ ಎಂದೂ ಹೇಳಿದರು. ಅಪ್ಪ ತಡಬಡಿಸಿ ಒಣಗಿದ ಕಥೆ ತೆಗೆದರು. ಸತ್ತ ಕೊಂಬು ಹದಿಮೂರು ಇಂಚು ಕುಗ್ಗುವುದಿಲ್ಲ ಎಂದರು ಅವರು. ಅಪ್ಪ ಬಿಡಲಿಲ್ಲ. ಇದು ಇಪ್ಪತ್ತು ವರ್ಷದ ಮುದಿ ಕಡವೆ, ವಯಸ್ಸಾದಷ್ಟೂ ಕೊಂಬು ಬೆಳೆಯುತ್ತಲೇ ಹೋಗುತ್ತದಲ್ಲ, ಇಷ್ಟೇ ಇರಲು ಹೇಗೆ ಸಾಧ್ಯ ಎಂದು ವಾದಕ್ಕೇ ನಿಂತರು.

ಫಾರೆಸ್ಟರು ಸ್ಟೂಲಿನಿಂದ ಇಳಿದು ಕೂತರು. ಅವರಿಗೆ ಇದನ್ನು ಹೇಳಿ ಹೇಳಿ ರೂಢಿಯಾಗಿತ್ತು ಎಂದು ಕಾಣುತ್ತದೆ. ಕಡವೆಯ ಕೊಂಬು ಉದುರಿ ಮತ್ತೆ ಹೊಸದಾಗಿ ಹುಟ್ಟುತ್ತದೆ. ಮೊದಲು ಬರುವುದು ಕವಲಿಲ್ಲದ ಕಡ್ಡಿ. ನಾಲ್ಕೈದು ವರ್ಷಕ್ಕೆ ಮೂರು ಕವಲು ಕಾಣುತ್ತದೆ; ಆಮೇಲೆ ಎಷ್ಟು ವರ್ಷ ಬದುಕಿದರೂ ಸಾಮಾನ್ಯವಾಗಿ ಮೂರೇ. ನಡುವಯಸ್ಸಿನಲ್ಲಿ ಕೊಂಬು ದಪ್ಪ, ಉದ್ದ. ಮುದಿಯಾದ ಮೇಲೆ ಪ್ರತಿ ಸಲ ಹುಟ್ಟುವುದು ಹಿಂದಿನದಕ್ಕಿಂತ ಸಣ್ಣದು. ಇದು ಮುದಿಯಲ್ಲ, ಒಳ್ಳೆ ಪ್ರಾಯದ ಪ್ರಾಣಿ, ಮೂವತ್ತೇಳು ಇಂಚು ಚಿಕ್ಕದೇನಲ್ಲ ಎಂದು ಸಮಾಧಾನವನ್ನೂ ಹೇಳಿದರು.

"ಗಂಡಿನ ತಳಿ ಚೆನ್ನಾಗಿದ್ರೆ ಮರಿಗೂ ಬರ್ಬೇಕಲ್ವೇ?" ಎಂದರು ಅಪ್ಪ. ಎಲ್ಲಿ ಹೋದರೂ ಅವರ ಗಾಡಿ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಆಗ ಅಮ್ಮ ಕಾಫಿ ಹಿಡಿದು ಬಂದಳು. ಫಾರೆಸ್ಟರು ಲೋಟ ತೆಗೆದುಕೊಳ್ಳುತ್ತಾ, "ಹೆಣ್ಣಿಗೆ ಕೊಂಬಿರಲ್ಲ ಸ್ವಾಮಿ. ಆದ್ರೆ ಮರಿ ಕೊಂಬಲ್ಲಿ ಅರ್ಧ ಪಾಲು ತಾಯಿ ಕಡೇದೇ. ಆ ತಾಯಿಯ ಅಪ್ಪನ ಕೊಂಬು ಎಷ್ಟಿತ್ತು ಅಂತ ತಾಯೀನ ನೋಡಿದ್ರೆ ಗೊತ್ತಾಗಲ್ಲ, ಅಷ್ಟೆ" ಅಂದರು. ಅಮ್ಮ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಳು.

ಅಳತೆ ತಿದ್ದಿಸಿ ಸಹಿ ಮಾಡಿಸಿಕೊಂಡು ಅವರು ಹೊರಟರು. ಫೋಟೊ ತೆಗೆಯಲೆಂದು ಇಳಿಸಿದ್ದ ತಲೆ ಇನ್ನೂ ಮೇಜಿನ ಮೇಲಿತ್ತು. ಯಾಕೆ ಅನ್ನಿಸಿತೋ, ಅಪ್ಪನನ್ನು ಕೇಳದೆ ನಾನು ಕೊಂಬಿನ ಬುಡಕ್ಕೆ ಹೆಬ್ಬೆರಳಿಟ್ಟೆ. ಒಂದು, ಎರಡು, ಮೂರು, ನಾಲ್ಕು. ಐದನೆಯದಕ್ಕೆ ನನ್ನ ಕಿರುಬೆರಳು ತುದಿಯ ಮೇಲೆ ಬಂದು ಕೂತಿತು. ಇನ್ನೊಂದು ಕೊಂಬಿಗೂ ಹಾಕಿದೆ. ಸರಿಯಾಗಿ ಐದು.

ತಾತ ಸುಳ್ಳು ಬರೆದಿರಲಿಲ್ಲ. ಕೊಂಬು ಕುಗ್ಗಿರಲಿಲ್ಲ. ಅಳೆದ ಕೈಯೇ ನನ್ನ ಕೈಯಷ್ಟಿತ್ತು. ಐದು ವರ್ಷದ ಮಗು ತಲೆಯೆತ್ತಿ ನೋಡಿದರೆ ಯಾರು ತಾನೆ ಎತ್ತರವಾಗಿ ಕಾಣುವುದಿಲ್ಲ? ಎತ್ತರ ಇದ್ದದ್ದು ಅಪ್ಪನ ತಾಯಿ, ನನ್ನ ಅಜ್ಜಿ. ಅಡುಗೆಮನೆಯ ಬಾಗಿಲಲ್ಲಿ ಅವಳು ತಲೆ ಬಗ್ಗಿಸಿ ದಾಟುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಅವಳೂ ಹೊರಗಿನಿಂದ ಬಂದ ಸೊಸೆಯೇ.

"ಅಪ್ಪ, ತಾತ ನನ್ನಷ್ಟೇ ಇದ್ದಿದ್ದು. ನಿಮ್ಗೆ ಎತ್ತರ ಬಂದಿದ್ದು ಅಜ್ಜಿಯಿಂದ. ಅಮ್ಮಂಗೆ ಒಂದ್ ಮಾತು ಹೇಳ್ಬುಡಿ" ಅಂದೆ. ಅಪ್ಪ ನನ್ನ ಕೈಯನ್ನೂ ಕೊಂಬನ್ನೂ ನೋಡಿದರು. ಆಮೇಲೆ ತಲೆಯನ್ನು ಗೋಡೆಗೆ ಹಾಕಲು ಹೇಳಿ ಒಳಗೆ ಹೋದರು.

ಆ ವರ್ಷದ ಆಯುಧಪೂಜೆಗೆ ಹಜಾರದ ತುಂಬ ನೆಂಟರು. ಎಣ್ಣೆ ಸವರಿ ಕುಂಕುಮ ಇಟ್ಟಾದ ಮೇಲೆ ಅಪ್ಪ ಕೈ ಹಾಕಲಿಲ್ಲ. ನನ್ನನ್ನು ಕರೆದು ಅಳೆಯಲು ಹೇಳಿದರು. ಈಗಲಾದರೂ ಹೇಳುತ್ತಾರೆ ಎಂದುಕೊಂಡು ಐದು ಗೇಣು ಹಾಕಿ ತೋರಿಸಿದೆ. ಅಪ್ಪ ನನ್ನ ಕೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

"ನೋಡಿದ್ರಾ? ಸಾಕ್ಷಾತ್ ಅವ್ರ್ ತಾತನ ಕೈ. ರಕ್ತ ಅಂದ್ರೆ ಇದು ಕಣ್ರೀ."

ಎಲ್ಲರೂ ನನ್ನ ಬೆನ್ನು ತಟ್ಟಿದರು. ಕುಳ್ಳಗಿದ್ದರೂ ಗಟ್ಟಿ ಆಳಂತೆ ತಾತ, ಎಂದು ಅಪ್ಪ ಹೊಸ ಕಥೆ ಶುರುಮಾಡಿಯೇಬಿಟ್ಟಿದ್ದರು. ಕೈ ಬಿಡಿಸಿಕೊಂಡು ಅಡುಗೆಮನೆಗೆ ಹೋದೆ. ಅಮ್ಮ ಒಬ್ಬಟ್ಟು ತಟ್ಟುತ್ತಿದ್ದಳು. ಎಲ್ಲವೂ ಅವಳಿಗೆ ಕೇಳಿಸಿತ್ತು.

"ಬಯ್ಯೋವಾಗ ನನ್ ಮಗ ಆಗಿದ್ದೆ. ಹೊಗಳೋವಾಗ ನಿಮ್ ತಾತನ ಮೊಮ್ಮಗ ಆಗ್ಬುಟ್ಟೆ" ಅಂದಳು, ತಲೆಯೆತ್ತದೆ.

ಹಜಾರದಿಂದ ಅಪ್ಪ ಇನ್ನೊಂದು ಸಲ ಅಳೆಯಲು ಕರೆಯುತ್ತಿದ್ದರು. ನಾನು ಹೋಗಲಿಲ್ಲ.