ಗಂಗಾಳ ತೊಳೆದ ನೀರು

ವಿಜಾಪುರದ ತಾಜ ಬಾವಡಿಯ ಹಿಂದಿನ ಓಣಿಯಲ್ಲಿ ಶಿವಯೋಗೆಪ್ಪನ ಖಾನಾವಳಿ ಇತ್ತು. ಅದರ ಹಿತ್ತಿಲಲ್ಲಿ ಬೆಳಗಿನಿಂದ ಬೈಗಿನವರೆಗೆ ಪಾತ್ರೆ ತಿಕ್ಕುತ್ತಿದ್ದವಳು ಅಕ್ಕನಾಗಮ್ಮ. ಬಬಲೇಶ್ವರದ ಮಗಳು, ತಿಕೋಟಾದ ಸೊಸೆ. ಗಂಡ ಕಾಲರಾದಲ್ಲಿ ತೀರಿಕೊಂಡ ಮೇಲೆ ಅತ್ತೆಮನೆಯಲ್ಲಿ ಅವಳು ತಿನ್ನುವ ರೊಟ್ಟಿ ಎಲ್ಲರ ಕಣ್ಣಿಗೂ ದೊಡ್ಡದಾಗಿ ಕಾಣತೊಡಗಿತು. ತಿಕೋಟಾದ ವೃದ್ಧ ಜಂಗಮರಾದ ಗುರುಪಾದಯ್ಯನವರೇ ಶಿವಯೋಗೆಪ್ಪನಿಗೆ ಹೇಳಿ ಅವಳನ್ನು ಇಲ್ಲಿ ಸೇರಿಸಿದ್ದರು. ಎರಡು ಹೊತ್ತಿನ ಊಟ, ಉಗ್ರಾಣದ ಮೂಲೆಯಲ್ಲೊಂದು ಚಾಪೆ. ಜಗತ್ತಿನಲ್ಲಿ ಅವಳಿಗಿದ್ದ ನೆಲೆ ಅದೊಂದೇ.

ಬೂದಿಯ ವಿಷಯದಲ್ಲಿ ಅವಳು ನಿಷ್ಠುರಳು. ಕಬ್ಬಿಣದ ಹಂಚಿಗೆ ಜಾಲಿ ಕಟ್ಟಿಗೆಯ ಬೂದಿ, ಕಂಚಿಗೆ ಸಗಣಿಯ ಕುಳ್ಳಿನ ಬೂದಿ, ಅದೂ ಹಳೆಯ ಸೀರೆಯ ಅರಿವೆಯಲ್ಲಿ ಸೋಸಿದ್ದು. ತೊಳೆದ ಊಟದ ಗಂಗಾಳದ ಮೇಲೆ ಹೆಬ್ಬೆರಳು ಎಳೆದರೆ ಕಿರ್ ಎನ್ನಬೇಕು. ಎನ್ನದಿದ್ದರೆ ಆ ಗಂಗಾಳ ಮತ್ತೆ ಬಚ್ಚಲಿಗೇ.

ಮಹಾಯುದ್ಧ ಬಂದು ಕಟ್ಟಿಗೆ ತುಟ್ಟಿಯಾಯಿತು. ಖಾನಾವಳಿಯ ಒಲೆಗೆ ಕಲ್ಲಿದ್ದಲು ಬಂದಿತು. ಅದರ ಬೂದಿ ಹರಳುಹರಳು. ಕಂಚಿನ ಮೈಯೆಲ್ಲ ಗೀರುಬಿತ್ತು. ಇಟ್ಟಿಗೆಯ ಪುಡಿಯೂ ಹಾಗೆಯೇ. ಸೋಡಾ ಹಾಕಿ ನೋಡಿದಳು. ಜಿಡ್ಡಿನ ಜೊತೆಗೆ ಬೆರಳಿನ ತೊಗಲೂ ಹೋಯಿತು. ಕೊನೆಗೆ ಶಿವಯೋಗೆಪ್ಪ ಒಂದು ಕೆಂಪು ಸಾಬೂನಿನ ಗಡ್ಡೆ ತಂದು ಬಚ್ಚಲಗಲ್ಲಿನ ಮೇಲಿಟ್ಟನು.

"ಇದನ್ನ ಹಚ್ಚಿ ನೋಡಬೇ. ಜಿಡ್ಡು ಒಂದ ಸಲಕ್ಕ ಬಿಡತೈತಿ."

"ಯಪ್ಪಾ, ಇದರಾಗ ದನದ ಚರಬಿ ಹಾಕಿರತಾರಂತಲ್ಲರಿ?"

ಒಳಗಿನಿಂದ ಅವನ ಹೆಂಡತಿ ಕಾಶಿಬಾಯಿ ನಕ್ಕಳು. "ಉಣ್ಣಾಕ ಬರೂ ಕಚೇರಿ ಮಂದಿಗೆ ಅದೆಲ್ಲಿ ತಿಳೀತೈತಿ ಬೇ? ಸಾರಿನ್ಯಾಗಿನ ಕಲ್ಲನೂ ಬ್ಯಾಳಿ ಅಂತ ನುಂಗೂ ಜನಾ ಅದು!"

ಶಿವಯೋಗೆಪ್ಪ ನಗಲಿಲ್ಲ. "ಗುರುಪಾದಯ್ಯಾರ ಗಂಗಾಳಕ್ಕ ಮಾತ್ರ ಇದನ್ನ ಮುಟ್ಟಿಸಬ್ಯಾಡ. ಪ್ಯಾಟಿ ಮಂದಿ ಬರೂದು ಅವರ ಸಾಲಿನ್ಯಾಗ ಕುಂಡ್ರಾಕ. ಅವರು ಬಿಟ್ರ ನನ್ನ ಒಲಿ ಆರತೈತಿ. ಅವತ್ತ ನಿನಗೂ ಇಲ್ಲಿ ಜಾಗಾ ಇರಂಗಿಲ್ಲ, ನೋಡು."

ಸೋಮವಾರಕ್ಕೊಮ್ಮೆ ಗುರುಪಾದಯ್ಯನವರು ಬಂದು ಅಲ್ಲಿ ಪ್ರಸಾದ ಸ್ವೀಕರಿಸುತ್ತಿದ್ದರು. ಉಂಡಾದ ಮೇಲೆ ಗಂಗಾಳಕ್ಕೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯುವುದು ಅವರ ನೇಮ. ಪ್ರಸಾದದ ಒಂದಗುಳೂ ನೆಲಕ್ಕೆ ಹೋಗಬಾರದು. ಬೂದಿ ಒಂದಿಷ್ಟು ಉಳಿದಿದ್ದರೂ ಅವರ ಪಾಲಿಗೆ ಅದು ವಿಭೂತಿಯೇ. ಅದಕ್ಕಾಗಿ ಅಕ್ಕನಾಗಮ್ಮ ನೆರೆಮನೆಯಿಂದ ಕುಳ್ಳಿನ ಬೂದಿ ಬೇಡಿ ತಂದು, ಸೋಸಿ, ಗಡಿಗೆಯಲ್ಲಿ ಬೇರೆಯಾಗಿ ಕಾದಿಡುತ್ತಿದ್ದಳು.

ಶ್ರಾವಣದ ಒಂದು ಸೋಮವಾರ. ಜಿಟಿಜಿಟಿ ಮಳೆ ಹಿಡಿದಿತ್ತು. ಮಾಡು ಸೋರಿ ಗಡಿಗೆಯ ಬೂದಿ ರಾಡಿಯಾಗಿತ್ತು. ಅದರಲ್ಲಿ ಕೈಯಿಟ್ಟೊಡನೆ ಒಡೆದ ಬೆರಳುಗಳೆಲ್ಲ ಬೆಂಕಿಗೆ ಹಿಡಿದಂತೆ ಉರಿದವು. ಕೈ ತೆಗೆದಾಗ ಬೂದಿಯಲ್ಲಿ ರಕ್ತದ ಎಳೆ ಕಾಣಿಸಿತು. ಮಗ್ಗುಲಲ್ಲಿ ಕೆಂಪು ಸಾಬೂನು ಮೆತ್ತಗೆ ನೆನೆದು ಕುಳಿತಿತ್ತು. ಒಂದೇ ಸಲ, ಚೆನ್ನಾಗಿ ನೀರು ಹೊಯ್ದರೆ ಯಾರಿಗೆ ತಿಳಿದೀತು ಎಂದುಕೊಂಡಳು. ತಿಕ್ಕಿದಳು, ತೊಳೆದಳು, ಮತ್ತೆ ತೊಳೆದಳು. ಹೆಬ್ಬೆರಳು ಎಳೆದು ನೋಡಲು ಧೈರ್ಯವಾಗಲಿಲ್ಲ.

ಊಟ ಮುಗಿಯಿತು. ಅವಳು ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಅಯ್ಯನವರು ಗಂಗಾಳಕ್ಕೆ ನೀರು ಹಾಕಿ, ತೊಳೆದು, ಎತ್ತಿ ಬಾಯಿಗಿಟ್ಟರು. ಒಂದು ಗುಟುಕಿಗೆ ನಿಂತರು. ಗಂಗಾಳದ ಅಂಚಿನಲ್ಲಿ ಸಣ್ಣದೊಂದು ಗುಳ್ಳೆ ಹೊಳೆಯುತ್ತಿತ್ತು. ಸಾಲಿನಲ್ಲಿದ್ದವರೆಲ್ಲ ಅವರಂತೆಯೇ ತೊಳೆದ ನೀರು ಕುಡಿಯಲು ತಮ್ಮತಮ್ಮ ಗಂಗಾಳ ಹಿಡಿದು ಅವರ ದಾರಿ ಕಾಯುತ್ತಿದ್ದರು. ಅಯ್ಯನವರು ಕಣ್ಣುಮುಚ್ಚಿ ಉಳಿದ ನೀರನ್ನೂ ಕುಡಿದು ಎದ್ದರು.

ಮುಂದಿನ ಸೋಮವಾರ ಅವರು ಬಂದಾಗ ಕಂಕುಳಲ್ಲಿ ಅರಿವೆಯಲ್ಲಿ ಸುತ್ತಿದ ಸ್ವಂತ ಗಂಗಾಳವಿತ್ತು.

"ಯಾಕ್ರಿ ಅಪ್ಪಾರ? ನಮ್ಮ ಗಂಗಾಳ ಏನ ತಪ್ಪ ಮಾಡ್ಯಾವ್ರಿ?" ಎಂದು ಕಾಶಿಬಾಯಿ ನಗುತ್ತಲೇ ಕೇಳಿದಳು.

"ವಯಸ್ಸಾತು ತಂಗಿ. ಕೈಗೆ ರೂಢಿ ಇದ್ದದ್ದು ಇರಲಿ ಅಂತ ತಂದೀನಿ."

ಅವರು ಹಿತ್ತಿಲ ಕಡೆಗೆ ನೋಡಲಿಲ್ಲ. ಆದರೆ ಪೇಟೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ದಿನ ಗಂಗಾಳ ತೊಳೆದ ನೀರನ್ನು ಅವರಾರೂ ಕುಡಿಯಲಿಲ್ಲ.

ಶಿವಯೋಗೆಪ್ಪ ಹಿತ್ತಿಲಿಗೆ ಬಂದು ನಿಂತನು. "ಏನ ಹಚ್ಚಿದ್ದಿ?"

ಅಕ್ಕನಾಗಮ್ಮ ಎರಡೂ ಕೈಗಳನ್ನು ಅವನ ಮುಂದೆ ಅಂಗಾತ ಹಿಡಿದಳು. "ಆ ಕೆಂಪು ಸಬಕಾರರಿ, ಯಪ್ಪಾ."

ಅವನು ಆ ಕೈಗಳನ್ನು ನೋಡಿದನು. "ಇವನ್ನ ನೋಡಿದ್ರ ಬೈಯಾಕ ಬಾಯಿ ಏಳವಲ್ದು. ಆದರ ಹೊರಗ ಕುಂತವರಿಗೆ ನಾ ಏನ ಹೇಳಲಿ?"

ಅವಳು ಚಾಪೆ ಸುತ್ತಿದಳು. ಸಾರವಾಡದ ಕಡೆಗೆ ಹೊರಟಿದ್ದ ಚಕ್ಕಡಿಯೊಂದು ಸಿಕ್ಕಿತು. ಅಲ್ಲಿಂದ ತವರಿಗೆ ನಡೆದುಕೊಂಡು ಹೋದಳು.

ಬಬಲೇಶ್ವರದಲ್ಲಿ ಅಣ್ಣನ ಮನೆಯ ಹೊರಗಿನ ಪಡಸಾಲೆ ಅವಳದಾಯಿತು. ಮದುವೆಮನೆಗಳಲ್ಲಿ ಪಾತ್ರೆ ತಿಕ್ಕಿ ಹೊಟ್ಟೆ ಹೊರೆದಳು. ಯುದ್ಧ ಮುಗಿದು ಸಾಬೂನು ಅಗ್ಗವಾದ ಮೇಲೂ ಅವಳ ಪಕ್ಕದಲ್ಲಿ ಬೂದಿಯ ಗಡಿಗೆಯೇ ಇರುತ್ತಿತ್ತು. ಕೈ ಮಾತ್ರ ಮತ್ತೆ ಮಾಯಲಿಲ್ಲ. ಅಂಥದೊಂದು ಮದುವೆಮನೆಯಲ್ಲಿ, ತಿಕೋಟಾದಿಂದ ಬಂದ ಬೀಗರ ಮಾತಿನ ನಡುವೆ, ಗುರುಪಾದಯ್ಯನವರು ಲಿಂಗೈಕ್ಯರಾಗಿ ವರ್ಷವಾಯಿತೆಂಬ ಸುದ್ದಿ ಅವಳ ಕಿವಿಗೆ ಬಿತ್ತು. ಅವಳು ಕೈ ನಿಲ್ಲಿಸಲಿಲ್ಲ.

ಎಲ್ಲರದೂ ಆದ ಮೇಲೆ ಅವಳ ಊಟ. ಉಂಡು, ಗಂಗಾಳಕ್ಕೆ ನೀರು ಹಾಕಿ, ಬೆರಳಿನಿಂದ ತೊಳೆದು, ಎತ್ತಿ ಮೊದಲು ಮೂಸಿ ನೋಡುತ್ತಿದ್ದಳು. ಆಮೇಲೆ ಕುಡಿಯುತ್ತಿದ್ದಳು.