ಪಂಚಮಿಯ ಅಳ್ಳಿನ ಜೋಳ

ಉಪ್ಪಿನಬೆಟಗೇರಿಯ ಶಾಲೆಗೆ ಹೊಸದಾಗಿ ಬಂದ ಮಾಸ್ತರರು ಚನ್ನಬಸವ್ವನನ್ನು ಮೊದಲು ಕಂಡದ್ದು ತೊಂಬತ್ತಾರನೆಯ ಇಸವಿಯ ಮುಂಗಾರಿನಲ್ಲಿ, ಹೊಲದ ದಾರಿಯಲ್ಲಿ. ಗಂಡ ಮಡಿವಾಳಪ್ಪ ಕೂರಿಗೆ ಹಿಡಿದು ಸೋಯಾಬೀನ್ ಬಿತ್ತುತ್ತಿದ್ದ. ಅವಳು ಹಿಂದಿನಿಂದ ಒಂದೇ ಒಂದು ಸಾಲಿಗೆ ಉಡಿಯೊಳಗಿನ ಜೋಳ ಬಿಡುತ್ತ ನಡೆದಿದ್ದಳು.

“ಇದೇನವ್ವಾ, ಸೋಯಾಬೀನದಾಗ ಜೋಳ?”

“ಅಳ್ಳಿನ ಜೋಳರಿ ಮಾಸ್ತರ. ನಮ್ಮವ್ವ ಕೊಟ್ಟ ಬೀಜ. ತೆನಿ ಮ್ಯಾಲ ಗುಬ್ಬಿ ಕುಂತು ಹುಳಾ ತಿಂತಾವು.”

“ಹುಳಕ್ಕಿಂತ ಜೋಳಾನ ಜಾಸ್ತಿ ತಿಂತಾವ್ರಿ,” ಎಂದ ಮಡಿವಾಳಪ್ಪ. ಅವಳು ನಕ್ಕಳು.

ನಾಗರ ಪಂಚಮಿಗೆ ಆ ಜೋಳ ಹುರಿದರೆ ಮಲ್ಲಿಗೆಯಂತೆ ಅರಳುತ್ತಿತ್ತು. ಮಾಸ್ತರರ ಮನೆಗೂ ಒಂದು ಬುಟ್ಟಿ ಅಳ್ಳು ಬರುತ್ತಿತ್ತು. ಬೀಜಕ್ಕೆಂದು ಒಂದಿಷ್ಟನ್ನು ಬೂದಿ ಬೆರೆಸಿ ಗಡಿಗೆಯಲ್ಲಿಡುವುದು ಅವಳ ರೂಢಿ. ಅವ್ವ ತೀರಿಕೊಂಡ ಮೇಲೆ ತವರಿನ ಹೊಲದಲ್ಲೂ ಬರೀ ಸೋಯಾಬೀನ್ ಆಯಿತು. ಆ ಜೋಳ ಉಳಿದದ್ದು ಈ ಒಂದು ಸಾಲಿನಲ್ಲಿ ಮಾತ್ರ.

ಎರಡು ಸಾವಿರದ ಆರರಲ್ಲಿ ಸೋಯಾಬೀನಿನ ಎಲೆಯೆಲ್ಲ ಜರಡಿಯಾಗುವಷ್ಟು ಹುಳ ಬಿತ್ತು. ಮಳೆ ಹಿಡಿದು ಹುಲ್ಲೂ ಎದ್ದಿತು. ಸಾಲಿನ ಜೋಳ ಹುಲುಸಾಗಿ ಬಂದಿದೆಯೆಂಬ ಧೈರ್ಯದಿಂದ ಚನ್ನಬಸವ್ವ ಗಡಿಗೆಯಲ್ಲಿ ಉಳಿದದ್ದನ್ನೆಲ್ಲ ಪಂಚಮಿಗೆ ಹುರಿದುಬಿಟ್ಟಳು. ಮರುದಿನ ಸೋಮವಾರ, ಬಸವಣ್ಣನ ವಾರ; ಕಸ ತೆಗೆಯಲು ಎತ್ತು ಹೂಡುವಂತಿಲ್ಲ. ಮಡಿವಾಳಪ್ಪ ಹುಳ ಕೊಲ್ಲುವ ಎಣ್ಣೆ, ಕಸ ಕೊಲ್ಲುವ ಎಣ್ಣೆ ಎರಡನ್ನೂ ಒಂದೇ ಪಂಪಿಗೆ ಸುರಿದು ಬೆನ್ನಿಗೇರಿಸಿದ.

“ಜೋಳದ ಸಾಲಿಗೆ ಹೊಡೀಬ್ಯಾಡ್ರಿ.”

“ಬಿಟ್ರ ಹುಳ ಅಲ್ಲೇ ಕುಂತು ಮತ್ತ ಇತ್ತಾಗ ಬರ್ತಾವು. ಬೆಳಿಗೆ ಏನೂ ಆಗೂದಿಲ್ಲ, ಹುಲ್ಲಷ್ಟ ಸಾಯ್ತದ ಅಂತ ಅಂಗಡ್ಯಾಂವ ಹೇಳ್ಯಾನ. ಜೋಳ ಏನ್ ಹುಲ್ಲೇನ?”

ಉಣ್ಣುವ ಜೋಳವನ್ನು ಅವಳೂ ಎಂದೂ ಹುಲ್ಲೆಂದು ಎಣಿಸಿರಲಿಲ್ಲ.

ವಾರ ಕಳೆಯುವುದರೊಳಗೆ ಹುಳ ಉದುರಿತು, ಹುಲ್ಲು ಕೆಂಪಾಯಿತು. ಆ ಎಣ್ಣೆಗೆ ಜೋಳವೂ ಹುಲ್ಲಿನ ಜಾತಿಯೇ; ಅದರ ಸುಳಿ ಹಿಡಿದೆಳೆದರೆ ಕೈಗೇ ಬಂತು. ಸೋಯಾಬೀನ್ ಮಾತ್ರ ಹಸಿರಾಗಿ ನಿಂತಿತ್ತು. ಮಡಿವಾಳಪ್ಪ ಸಾಲಿನ ತುದಿಯವರೆಗೂ ಒಂದೊಂದೇ ಸುಳಿ ಎಳೆದು ನೋಡಿದ. ಅವಳು ಅಳಲಿಲ್ಲ, ಬೈಯಲೂ ಇಲ್ಲ.

“ರೊಟ್ಟಿ ಆರ್ತಾವು, ನಡೀರಿ,” ಎಂದಳು.

ಮಾಸ್ತರರು ಎಲ್ಲೆಲ್ಲೋ ವಿಚಾರಿಸಿ ಬೇರೆ ಅಳ್ಳಿನ ಜೋಳದ ಬೀಜ ತಂದುಕೊಟ್ಟರು. “ಛಲೋ ಅದರಿ,” ಎಂದು ತೆಗೆದಿಟ್ಟಳು. ಬಿತ್ತಲಿಲ್ಲ. ಮಡಿವಾಳಪ್ಪ ಮಾತ್ರ ಪ್ರತಿವರ್ಷ ಜೋಳದ ಆ ಒಂದು ಸಾಲನ್ನು ಖಾಲಿ ಬಿಟ್ಟೇ ಬಿತ್ತುತ್ತಾನೆ. ಅದರ ಮಾತು ಇಬ್ಬರೂ ಎತ್ತುವುದಿಲ್ಲ.

ಈಗ ಅಳ್ಳು ಧಾರವಾಡದ ಪೇಟೆಯಿಂದ ಬರುತ್ತದೆ. ಪಂಚಮಿಯ ಹಿಂದಿನ ದಿನ ಚನ್ನಬಸವ್ವ ಮೊರದ ಮುಂದೆ ಕುಳಿತು, ಅರಳದೆ ಉಳಿದ ಕಾಳುಗಳನ್ನು ಆರಿಸುತ್ತಾಳೆ. ಹುರಿದ ಕಾಳು ಮೊಳೆಯುವುದಿಲ್ಲವೆಂಬುದು ಅವಳಿಗೆ ಗೊತ್ತು. ಬೂದಿ ಬೆರೆಸಿ ಅವನ್ನು ಅದೇ ಗಡಿಗೆಗೆ ಹಾಕಿ, ಅದರ ಬಾಯಿಗೆ ಅರಿವೆ ಕಟ್ಟುತ್ತಾಳೆ.